ಇಂಗ್ಲೆಂಡೋ, ಬ್ರಿಟನ್ನೋ, ಯುಕೆಯೋ? ದೊಡ್ಡ ದೇಶದೊಳಗಿನ ನಾಡುಗಳನ್ನು ಸರಿಯಾಗಿ ಹೆಸರಿಸುವ ಬಗೆ

ಮಂಜೇಶ್ವರದಿಂದ ಕಾಸರಗೋಡಿನವರೆಗೆ ಕೊಲ್ಲಿಗೆ ಹೋದವರು ಇಲ್ಲದ ಊರಿಲ್ಲ. "ಮಗ ಎಲ್ಲಿದ್ದಾನೆ?" ಎಂದು ಕೇಳಿದರೆ "ದುಬೈಯಲ್ಲಿ" ಎಂಬ ಉತ್ತರ ಬರುತ್ತದೆ. ಇನ್ನೆರಡು ಮಾತಾಡಿದರೆ ಗೊತ್ತಾಗುತ್ತದೆ, ರೂಮು ಇರುವುದು ಅಜ್ಮಾನಿನಲ್ಲಿ, ಕೆಲಸ ಶಾರ್ಜಾದಲ್ಲಿ. ಮನೆಮಾತಿಗೆ ಅಷ್ಟು ಸಾಕು. ಅದನ್ನೇ ಅರ್ಜಿಯಲ್ಲಿ ಬರೆದರೆ ನಡೆಯುವುದಿಲ್ಲ. ದುಬೈ ಯುಎಇ ಎಂಬ ದೇಶದ ಏಳು ಎಮಿರೇಟ್‌ಗಳಲ್ಲಿ ಒಂದು. ರಾಜಧಾನಿ ಕೂಡ ಅದಲ್ಲ, ಅಬುಧಾಬಿ.

ಇಂಗ್ಲೆಂಡಿನ ವಿಷಯದಲ್ಲೂ ಹೀಗೇ ಆಗುತ್ತಿದೆ. ನರ್ಸಿಂಗ್ ಕೆಲಸಕ್ಕೋ ಎಂಎಸ್ಸಿಗೋ ಹೋದವಳು ಇರುವುದು ವೇಲ್ಸ್‌ನ ಕಾರ್ಡಿಫ್‌ನಲ್ಲಿ ಅಥವಾ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ. ಊರಲ್ಲಿ ಎಲ್ಲರ ಬಾಯಲ್ಲೂ "ಇಂಗ್ಲೆಂಡಿಗೆ ಹೋಗಿದ್ದಾಳೆ". ಪತ್ರಿಕೆಗೆ ಸುದ್ದಿ ಬರೆಯುವವರು, ಶಾಲೆಯಲ್ಲಿ ಕ್ವಿಜ್ ನಡೆಸುವವರು, ಸಮಾಜ ಪಾಠ ಮಾಡುವವರು, ಮಕ್ಕಳ ಅರ್ಜಿ ತುಂಬಿಸುವ ಅಪ್ಪ ಅಮ್ಮ, ಇವರಿಗೆಲ್ಲ ಆಗಬಹುದು ಎಂದು ಇದನ್ನು ಹಂತಹಂತವಾಗಿ ಬರೆದಿದ್ದೇನೆ. ಜಾಸ್ತಿ ಜಾಗ ಯುಕೆಗೆ. ಗೊಂದಲ ಹೆಚ್ಚು ಅಲ್ಲೇ.

1. ಮೊದಲು ಭೂಪಟದ ಹೆಸರು, ಆಮೇಲೆ ದೇಶದ ಹೆಸರು

ಗ್ರೇಟ್ ಬ್ರಿಟನ್ ಎಂಬುದು ಒಂದು ದ್ವೀಪ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಮೂರೂ ಅದರ ಮೇಲಿವೆ. ಪಕ್ಕದ ದ್ವೀಪ ಐರ್ಲೆಂಡ್. ಅದರ ಈಶಾನ್ಯ ಮೂಲೆಯ ಆರು ಕೌಂಟಿಗಳು ಸೇರಿದರೆ ಉತ್ತರ ಐರ್ಲೆಂಡ್. ಈ ನಾಲ್ಕೂ ಸೇರಿದ ದೇಶದ ಪೂರ್ತಿ ಹೆಸರು 'ಯುನೈಟೆಡ್ ಕಿಂಗ್‌ಡಮ್ ಆಫ್ ಗ್ರೇಟ್ ಬ್ರಿಟನ್ ಆಂಡ್ ನಾರ್ದರ್ನ್ ಐರ್ಲೆಂಡ್'. ನಾವು ಯುಕೆ ಎಂದರೆ ಸಾಕು. ಪತ್ರಿಕೆಗಳಲ್ಲಿ ಬರುವ 'ಬ್ರಿಟನ್' ಕೂಡ ನಡೆಯುತ್ತದೆ. ರೂಢಿಯಲ್ಲಿ ಅದು ಇಡೀ ಯುಕೆಗೆ ನಿಂತ ಹೆಸರು. 'ಗ್ರೇಟ್ ಬ್ರಿಟನ್' ಎಂದು ಬರೆಯುವಾಗ ಮಾತ್ರ ಎಚ್ಚರ ಬೇಕು, ಅದರಲ್ಲಿ ಉತ್ತರ ಐರ್ಲೆಂಡ್ ಸೇರುವುದಿಲ್ಲ.

ಐರ್ಲೆಂಡ್ ದ್ವೀಪದ ಉಳಿದ ಭಾಗ ಬೇರೆಯೇ ಸ್ವತಂತ್ರ ದೇಶ. ರಾಜಧಾನಿ ಡಬ್ಲಿನ್, ಹಣ ಯೂರೋ. ಅದನ್ನು ಯುಕೆಯೊಳಗೆ ಸೇರಿಸಿಬಿಟ್ಟರೆ ಅಲ್ಲಿನವರಿಗೆ ಸಿಟ್ಟು ಬರುತ್ತದೆ, ಅದರಲ್ಲಿ ತಪ್ಪೂ ಇಲ್ಲ. ಎರಡೂ ದ್ವೀಪಗಳನ್ನು ಸೇರಿಸಿ 'ಬ್ರಿಟಿಷ್ ದ್ವೀಪಗಳು' ಎನ್ನುವುದು ಹಳೆಯ ಭೂಗೋಳದ ಮಾತು. ಐರ್ಲೆಂಡಿನಲ್ಲಿ ಅನೇಕರಿಗೆ ಅದು ಹಿಡಿಸುವುದಿಲ್ಲ. 'ಬ್ರಿಟನ್ ಮತ್ತು ಐರ್ಲೆಂಡ್' ಎಂದರೆ ಯಾರ ತಕರಾರೂ ಇರುವುದಿಲ್ಲ.

ಉತ್ತರ ಐರ್ಲೆಂಡಿಗೆ 'ಅಲ್ಸ್ಟರ್' ಎಂಬ ಇನ್ನೊಂದು ಹೆಸರೂ ಕಿವಿಗೆ ಬೀಳುತ್ತದೆ. ಅದನ್ನು ಬಿಡುವುದು ಒಳ್ಳೆಯದು. ಹಳೆಯ ಅಲ್ಸ್ಟರ್‌ನಲ್ಲಿ ಒಂಬತ್ತು ಕೌಂಟಿಗಳಿದ್ದವು. ಅವುಗಳಲ್ಲಿ ಮೂರು ಡಬ್ಲಿನ್ ಸರ್ಕಾರದ ಕೆಳಗಿವೆ.

ಇನ್ನು ಐಲ್ ಆಫ್ ಮ್ಯಾನ್, ಜರ್ಸಿ, ಗರ್ನ್ಸಿ. ಇವು ಆ ರಾಜಮನೆತನಕ್ಕೆ ಅಧೀನ, ಆದರೆ ಯುಕೆಯ ಭಾಗ ಅಲ್ಲ. ಇವನ್ನು ನೆನಪಿಟ್ಟುಕೊಂಡಿರಿ, ಮುಂದೆ ಬೆಂಗಳೂರಿನ ಕಬ್ಬನ್ ಪಾರ್ಕಿನ ಮಾತು ಬಂದಾಗ ಬೇಕಾಗುತ್ತದೆ.

2. ನಾಲ್ಕಕ್ಕೂ ಸೇರಿ ಒಂದು ಪದ ಆರಿಸಿ

ಇಂಗ್ಲಿಷಿನಲ್ಲೇ ಇದಕ್ಕೆ ಒಮ್ಮತ ಇಲ್ಲ. 'ಹೋಮ್ ನೇಷನ್ಸ್' ಎಂಬುದು ಆಟದ ಮೈದಾನದ ಮಾತು. 'ಕಾನ್‌ಸ್ಟಿಟ್ಯುಯೆಂಟ್ ಕಂಟ್ರೀಸ್' ಎಂಬುದು ಕಡತದ ಮಾತು. 'ಫೋರ್ ನೇಷನ್ಸ್' ಎಂಬುದು ಕೊರೊನಾ ಕಾಲದಲ್ಲಿ ಸುದ್ದಿಯಲ್ಲಿ ಹೆಚ್ಚು ಓಡಾಡಿತು. ಆಗ ಲಾಕ್‌ಡೌನ್ ನಿಯಮ ಲಂಡನ್, ಎಡಿನ್‌ಬರೊ, ಕಾರ್ಡಿಫ್, ಬೆಲ್‌ಫಾಸ್ಟ್‌ಗಳಲ್ಲಿ ಬೇರೆಬೇರೆ ಇತ್ತು.

'ಡಿವಾಲ್ವ್ಡ್ ನೇಷನ್ಸ್' ಎಂದು ಓದಿದರೆ ಲೆಕ್ಕ ಮೂರಕ್ಕೆ ಇಳಿಸಿ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಿಗೆ ಮಾತ್ರ 1998ರ ಕಾನೂನುಗಳಿಂದ ತಮ್ಮದೇ ಶಾಸನಸಭೆ ಸಿಕ್ಕಿತು. ಇಂಗ್ಲೆಂಡಿಗೆ ಪ್ರತ್ಯೇಕ ಸಂಸತ್ತು ಇಲ್ಲ. ಅದರ ಕೆಲಸವನ್ನು ಇಡೀ ಯುಕೆಯ ಸಂಸತ್ತೇ ನೋಡಿಕೊಳ್ಳುತ್ತದೆ. ಯುಕೆಯ ನೂರು ಮಂದಿಯಲ್ಲಿ ಸುಮಾರು 84 ಮಂದಿ ಇಂಗ್ಲೆಂಡಿನವರು. ಇಂಗ್ಲೆಂಡ್ ಎಂದರೆ ಯುಕೆ ಎಂದು ಜಗತ್ತು ತಿಳಿಯುವುದಕ್ಕೆ ಇದೂ ಒಂದು ಕಾರಣ.

'ಕೆಲ್ಟಿಕ್ ನಾಡುಗಳು' ಎಂದರೆ ಮತ್ತೆ ಬೇರೆ ಪಟ್ಟಿ. ಹಳೆಯ ಕೆಲ್ಟಿಕ್ ಭಾಷೆಗಳ ನಂಟಿನಿಂದ ಮಾಡಿದ್ದು ಅದು. ಐರ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಐಲ್ ಆಫ್ ಮ್ಯಾನ್, ಕಾರ್ನ್‌ವಾಲ್, ಫ್ರಾನ್ಸಿನ ಬ್ರಿಟನಿ. ಸರ್ಕಾರದ ಗಡಿಗೂ ಇದಕ್ಕೂ ಸಂಬಂಧ ಇಲ್ಲ.

ಈಗ ಕನ್ನಡಕ್ಕೆ ಬರೋಣ. ಕಾಸರಗೋಡಿನವರಿಗೆ ಇಲ್ಲೊಂದು ಬೋನು ಇದೆ, ಬೆಂಗಳೂರಿನವರಿಗೆ ಅದು ಕಾಣುವುದೂ ಇಲ್ಲ. ಮಲಯಾಳದಲ್ಲಿ 'ರಾಜ್ಯಂ' ಎಂದರೆ ದೇಶ, 'ಸಂಸ್ಥಾನಂ' ಎಂದರೆ ನಮ್ಮ ರಾಜ್ಯ. ಮಲಯಾಳ ಸುದ್ದಿ ನೋಡಿ ಅವಸರದಲ್ಲಿ ಕನ್ನಡಕ್ಕೆ ತರುವಾಗ "ಯುಕೆಯ ನಾಲ್ಕು ರಾಜ್ಯಗಳು" ಎಂದು ಬಿದ್ದುಬಿಡುತ್ತದೆ. ಓದುವವನು ಕೇರಳ, ಕರ್ನಾಟಕದಂಥ ರಾಜ್ಯ ಎಂದುಕೊಳ್ಳುತ್ತಾನೆ. ಭಾರತದ ಸಂವಿಧಾನದ 1ನೇ ವಿಧಿ ನಮ್ಮದನ್ನು ರಾಜ್ಯಗಳ ಒಕ್ಕೂಟ ಎನ್ನುತ್ತದೆ. ಯುಕೆ ಅಂಥ ಒಕ್ಕೂಟ ಅಲ್ಲ. ಅಲ್ಲಿ ಎಲ್ಲ ನಾಡುಗಳಿಗೂ ಒಂದೇ ಅಳತೆಯ ಅಧಿಕಾರ ಹಂಚುವ ಲಿಖಿತ ಸಂವಿಧಾನ ಇಲ್ಲ. ಹಾಗಾಗಿ ರಾಜ್ಯ ಬೇಡ. 'ಪ್ರಾಂತ್ಯ'ವೂ ಬೇಡ. ಸ್ಕಾಟ್ಲೆಂಡಿನವನ ಎದುರು ಅವನ ಊರನ್ನು ಪ್ರಾಂತ್ಯ ಎಂದು ನೋಡಿ, ಮುಖ ಗಂಟಿಕ್ಕುತ್ತಾನೆ.

'ರಾಷ್ಟ್ರ' ಎಂದರೆ ವಿಶ್ವಸಂಸ್ಥೆಯಲ್ಲಿ ಕುರ್ಚಿ ಇರುವುದು ಎಂಬ ಭಾವನೆ ನಮ್ಮಲ್ಲಿದೆ. ಅಲ್ಲಿ ನಾಲ್ಕಕ್ಕೂ ಸೇರಿ ಇರುವುದು ಒಂದೇ ಕುರ್ಚಿ. 'ದೇಶ' ತಪ್ಪಲ್ಲ. ಆದರೆ ಒಂದೇ ವಾಕ್ಯದಲ್ಲಿ "ಯುಕೆ ಎಂಬ ದೇಶದ ನಾಲ್ಕು ದೇಶಗಳು" ಎಂದು ಬಂದಾಗ ಓದುಗ ಎಡವುತ್ತಾನೆ. ನನ್ನ ಆಯ್ಕೆ 'ನಾಡು'. ತುಳುನಾಡು ಎನ್ನುವಾಗ ನಾವು ತಲಪಾಡಿಯ ಗಡಿ ನೋಡುವುದಿಲ್ಲ. ತಮಿಳುನಾಡು ಎಂದಾಗ ಅದು ಒಂದು ರಾಜ್ಯ. ಗಡಿನಾಡು ಎಂದರೆ ಬರಿಯ ಒಂದು ಸೀಮೆ. ಸ್ವಂತ ಸೇನೆ, ಪಾಸ್‌ಪೋರ್ಟ್ ಇದ್ದರೂ ಇಲ್ಲದಿದ್ದರೂ ಜನ, ನೆಲ, ನೆನಪು ಸೇರಿದ್ದನ್ನು ನಾಡು ಎನ್ನಬಹುದು. "ಯುಕೆಯ ನಾಲ್ಕು ನಾಡುಗಳು" ಎಂದು ಬರೆಯಿರಿ. ಆಟದ ಪುಟದಲ್ಲಿ ಮಾತ್ರ 'ಹೋಮ್ ನೇಷನ್ಸ್' ಎಂದೇ ಇರಲಿ. ಅದನ್ನು 'ಮನೆ ರಾಷ್ಟ್ರಗಳು' ಎಂದು ಮಾಡಬೇಡಿ ಮಾರಾಯ್ರೆ, ಯಾರಿಗೂ ಅರ್ಥ ಆಗುವುದಿಲ್ಲ.

3. ಆಟದ ಸುದ್ದಿಯಾದರೆ ಯಾವ ಆಟ ಎಂದು ಕೇಳಿ

ವಿಶ್ವಕಪ್ ಬಂದರೆ ನಮ್ಮ ಕಡೆ ಕವಲುದಾರಿಗೊಂದು ಫ್ಲೆಕ್ಸ್ ಏಳುತ್ತದೆ. ಹೆಚ್ಚಿನವು ಅರ್ಜೆಂಟೀನಾ, ಬ್ರೆಜಿಲ್. ಇಂಗ್ಲೆಂಡಿನ ಫ್ಲೆಕ್ಸ್ ಮಾಡಿಸುವವರು ಬಾವುಟ ನೋಡಿ ಮಾಡಿಸಿ. ಇಂಗ್ಲೆಂಡ್ ತಂಡದ್ದು ಬಿಳಿ ಬಟ್ಟೆಯ ಮೇಲೆ ಕೆಂಪು ಶಿಲುಬೆ. ಯೂನಿಯನ್ ಜ್ಯಾಕ್ ಇಡೀ ಯುಕೆಯದು. ಅದರೊಳಗೆ ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್‌ಗಳ ಶಿಲುಬೆಗಳಿವೆ. ವೇಲ್ಸ್‌ನ ಗುರುತು ಏನೂ ಇಲ್ಲ. ಕೆಂಪು ಡ್ರ್ಯಾಗನ್ ಇರುವ ಬಾವುಟ ವೇಲ್ಸ್‌ನದು.

2022ರ ಕತಾರ್ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್ ಒಂದೇ ಗುಂಪಿನಲ್ಲಿದ್ದವು. ಇಂಗ್ಲೆಂಡ್ 3-0ಯಿಂದ ಗೆದ್ದಿತು. ಒಂದು ದೇಶದ ಎರಡು ತಂಡ ಹೇಗೆ ಎಂದು ಮಕ್ಕಳು ಕೇಳುತ್ತಾರೆ. ಉತ್ತರ ಹಳೆಯದು. ಅಂತಾರಾಷ್ಟ್ರೀಯ ಫುಟ್‌ಬಾಲ್ ಶುರುವಾದದ್ದೇ ಇವರೊಳಗೆ. 1872ರ ನವೆಂಬರ್ 30ರಂದು ಗ್ಲಾಸ್ಗೋದಲ್ಲಿ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ಆಡಿದ ಪಂದ್ಯ 0-0ಯಲ್ಲಿ ಮುಗಿಯಿತು. 1886ರಲ್ಲಿ ನಾಲ್ಕು ನಾಡುಗಳ ಫುಟ್‌ಬಾಲ್ ಸಂಘಗಳು ಸೇರಿ ಆಟದ ನಿಯಮ ಮಾಡುವ ಮಂಡಳಿ ಕಟ್ಟಿದವು. ಫಿಫಾ ಹುಟ್ಟಿದ್ದು 1904ರಲ್ಲಿ. ಇವತ್ತಿಗೂ ಆ ಮಂಡಳಿಯಲ್ಲಿ ನಾಲ್ಕು ನಾಡುಗಳಿಗೆ ಒಂದೊಂದು ಮತ, ಫಿಫಾಗೆ ನಾಲ್ಕು. ನಿಯಮ ಬದಲಿಸಲು ಎಂಟರಲ್ಲಿ ಆರು ಮತ ಬೇಕು. ಇಷ್ಟು ಹಿಡಿತ ಇಟ್ಟುಕೊಂಡವರು ಒಂದೇ ತಂಡ ಮಾಡಲು ಒಪ್ಪುತ್ತಾರಾ?

ರಗ್ಬಿಯಲ್ಲಿ ಐರ್ಲೆಂಡ್ ಎಂದರೆ ಇಡೀ ದ್ವೀಪ. ಡಬ್ಲಿನ್‌ನವರೂ ಬೆಲ್‌ಫಾಸ್ಟ್‌ನವರೂ ಒಂದೇ ತಂಡದಲ್ಲಿ ಆಡುತ್ತಾರೆ. ಹಾಗಾಗಿ ರಗ್ಬಿಯಲ್ಲಿ ಹೋಮ್ ನೇಷನ್ಸ್ ಎಂದಾಗ ನಾಲ್ಕನೆಯದು ಐರ್ಲೆಂಡ್, ಫುಟ್‌ಬಾಲ್‌ನಲ್ಲಿ ಉತ್ತರ ಐರ್ಲೆಂಡ್. ಕ್ವಿಜ್‌ಗೆ ಇದು ಒಳ್ಳೆ ಪ್ರಶ್ನೆ. ಆದರೆ ಆಟ ಯಾವುದು ಎಂದು ಹೇಳದೆ ಕೇಳಿದರೆ ಜಗಳ ಖಂಡಿತ.

ಕ್ರಿಕೆಟ್‌ನಲ್ಲಿ ಇಂಗ್ಲೆಂಡ್ ತಂಡವನ್ನು ನಡೆಸುವುದು ಇಂಗ್ಲೆಂಡ್ ಮತ್ತು ವೇಲ್ಸ್ ಕ್ರಿಕೆಟ್ ಬೋರ್ಡ್. ವೇಲ್ಸ್‌ನ ಹುಡುಗ ಆಡಬೇಕಾದರೆ ಇಂಗ್ಲೆಂಡ್ ಜೆರ್ಸಿಯಲ್ಲೇ ಆಡಬೇಕು. ಸ್ಕಾಟ್ಲೆಂಡ್ ಬೇರೆ ತಂಡ. ಐರ್ಲೆಂಡ್ ಇಡೀ ದ್ವೀಪದ ತಂಡ, 2017ರಲ್ಲಿ ಟೆಸ್ಟ್ ಸ್ಥಾನವೂ ಸಿಕ್ಕಿತು. 2011ರ ಮಾರ್ಚ್ 2ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಕೆವಿನ್ ಒಬ್ರಿಯಾನ್ 50 ಎಸೆತದಲ್ಲಿ ನೂರು ಹೊಡೆದು ಇಂಗ್ಲೆಂಡಿನ 327 ರನ್ ದಾಟಿಸಿದ್ದು ನೆನಪಿದೆ ಅಲ್ವಾ? ಆ ಸೋಲನ್ನು "ಬ್ರಿಟನ್ ಸೋತಿತು" ಎಂದು ಬರೆದರೆ ತಪ್ಪು. ಐರ್ಲೆಂಡಿನ ತಂಡದಲ್ಲಿ ಉತ್ತರ ಐರ್ಲೆಂಡಿನವರೂ ಇದ್ದರು, ಅವರ ನಾಡೂ ಯುಕೆಯದ್ದೇ.

ಒಲಿಂಪಿಕ್ಸ್‌ನಲ್ಲಿ ಎಲ್ಲರೂ ಸೇರಿ ಒಂದು ತಂಡ. ಅದನ್ನು 'ಟೀಮ್ ಜಿಬಿ' ಎನ್ನುತ್ತಾರೆ. ಹೆಸರಿನಲ್ಲಿ ಉತ್ತರ ಐರ್ಲೆಂಡ್ ಇಲ್ಲದಿದ್ದರೂ ಅಲ್ಲಿನವರು ಇದರಲ್ಲಿ ಆಡಬಹುದು, ಬೇಕಾದರೆ ಐರ್ಲೆಂಡಿನ ಪರವಾಗಿಯೂ ಆಡಬಹುದು. ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಮತ್ತೆ ನಾಲ್ಕೂ ಬೇರೆ. 2010ರಲ್ಲಿ ದೆಹಲಿಗೆ ಬಂದಾಗಲೂ ಹಾಗೇ ಬಂದಿದ್ದರು. ಟೆನಿಸ್‌ನಲ್ಲಿ ಆಂಡಿ ಮರ್ರೆ ಸ್ಕಾಟ್ಲೆಂಡಿನವನು. 2013ರಲ್ಲಿ ಅವನು ವಿಂಬಲ್ಡನ್ ಗೆದ್ದದ್ದನ್ನು "ಬ್ರಿಟನ್ನಿನ ಆಟಗಾರ" ಎಂದರೆ ಸರಿ, "ಇಂಗ್ಲೆಂಡಿನ ಆಟಗಾರ" ಎಂದರೆ ತಪ್ಪು.

4. ಇತಿಹಾಸ ಬರೆಯುವಾಗ ಇಸವಿ ನೋಡಿ ಹೆಸರು ಹಾಕಿ

ನಮ್ಮ ಪಾಠಗಳಲ್ಲಿ ಆಂಗ್ಲರು, ಇಂಗ್ಲಿಷರು, ಬ್ರಿಟಿಷರು ಎಲ್ಲ ಒಂದೇ. ಕಥೆ ಹೇಳುವಾಗ ಪರವಾಗಿಲ್ಲ. ಲೇಖನ ಬರೆಯುವಾಗ ಈ ಗೆರೆಗಳನ್ನು ಹಿಡಿದುಕೊಳ್ಳಿ. 1707ಕ್ಕಿಂತ ಮೊದಲು ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಬೇರೆಬೇರೆ ಸಂಸತ್ತಿನ ಬೇರೆ ದೇಶಗಳು, 1603ರಿಂದ ರಾಜ ಮಾತ್ರ ಒಬ್ಬನೇ. ವೇಲ್ಸ್ 1536 ಮತ್ತು 1542ರ ಕಾನೂನುಗಳಿಂದಲೇ ಇಂಗ್ಲೆಂಡಿನ ಜೊತೆ ಸೇರಿತ್ತು. 1707ರ ಮೇ 1ರಿಂದ ಗ್ರೇಟ್ ಬ್ರಿಟನ್. 1801ರ ಜನವರಿ 1ರಿಂದ ಗ್ರೇಟ್ ಬ್ರಿಟನ್ ಮತ್ತು ಐರ್ಲೆಂಡಿನ ಯುನೈಟೆಡ್ ಕಿಂಗ್‌ಡಮ್. 1922ರಲ್ಲಿ ಐರ್ಲೆಂಡಿನ ದೊಡ್ಡ ಭಾಗ ಹೊರಗೆ ಹೋಯಿತು, 1927ರಲ್ಲಿ ಈಗಿನ ಹೆಸರು ಬಂತು.

ಅಂದರೆ 1600ರಲ್ಲಿ ಹುಟ್ಟಿದ ಈಸ್ಟ್ ಇಂಡಿಯಾ ಕಂಪನಿಯನ್ನು ಆಗಿನ ಮಟ್ಟಿಗೆ ಇಂಗ್ಲಿಷ್ ಕಂಪನಿ ಎನ್ನುವುದೇ ಸರಿ. 1799ರಲ್ಲಿ ಶ್ರೀರಂಗಪಟ್ಟಣದ ಗೋಡೆ ಹತ್ತಿದವರನ್ನು ಬ್ರಿಟಿಷರು ಎನ್ನಬೇಕು. ಇಲ್ಲಿಂದ ಮುಂದೆ ನಮ್ಮದೇ ಚರಿತ್ರೆಯ ಹೆಸರುಗಳನ್ನು ಸಾಲಾಗಿ ನೋಡಿ, ಮಜಾ ಇದೆ.

ಶ್ರೀರಂಗಪಟ್ಟಣದ ಮೇಲೆ ಕೊನೆಯ ದಾಳಿ ನಡೆಸಿದ ಡೇವಿಡ್ ಬೇರ್ಡ್ ಸ್ಕಾಟ್ಲೆಂಡಿನವನು. ಆಮೇಲೆ ಕೆನರಾ ಜಿಲ್ಲೆಯ ಮೊದಲ ಕಲೆಕ್ಟರ್ ಆಗಿ ಬಂದು ಕಂದಾಯ ನಿಗದಿ ಮಾಡಿದ ಥಾಮಸ್ ಮನ್ರೋ ಗ್ಲಾಸ್ಗೋದವನು. ಆಗ ನಮ್ಮ ಕಾಸರಗೋಡು ಸೀಮೆಯೂ ಕೆನರಾದೊಳಗೆ ಇತ್ತು. 1800 ಮತ್ತು 1801ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿ ಬೆಳೆ, ಜಾತಿ, ತೆರಿಗೆ ಎಲ್ಲ ಬರೆದಿಟ್ಟ ಫ್ರಾನ್ಸಿಸ್ ಬುಕಾನನ್ ಕೂಡ ಸ್ಕಾಟ್. ಊರೂರಿನ ಕೈಫಿಯತ್ತು, ಅಂದರೆ ಸ್ಥಳಚರಿತ್ರೆಯ ದಾಖಲೆ, ಕೂಡಿಹಾಕಿಸಿದ ಕಾಲಿನ್ ಮೆಕೆಂಜಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದವನು. ನಮ್ಮ ನೆಲವನ್ನು ಮೊದಲು ಅಳೆದು ಬರೆದ ಈ 'ಇಂಗ್ಲಿಷರಲ್ಲಿ' ಒಬ್ಬನೂ ಇಂಗ್ಲಿಷನಲ್ಲ.

ಬೆಂಗಳೂರಿಗೆ ಹೋದರೂ ಇದೇ ಕಥೆ. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಹುಟ್ಟಿದ್ದು ಐಲ್ ಆಫ್ ಮ್ಯಾನ್‌ನಲ್ಲಿ. ಮೊದಲ ಹಂತದಲ್ಲಿ ಹೇಳಿದ್ದೆನಲ್ಲ, ಅದು ಯುಕೆಯ ಭಾಗವೇ ಅಲ್ಲ. ಕಬ್ಬನ್ ಪಾರ್ಕ್ ರೂಪಿಸಿದ ರಿಚರ್ಡ್ ಸ್ಯಾಂಕಿ, ಅಂದರೆ ಸ್ಯಾಂಕಿ ಕೆರೆಯ ಸ್ಯಾಂಕಿ, ಐರ್ಲೆಂಡಿನ ಟಿಪ್ಪರೆರಿಯವನು.

ಇವರ ಬಗ್ಗೆ ಬರೆಯುವಾಗ 'ಬ್ರಿಟಿಷ್ ಅಧಿಕಾರಿ' ಎಂದು ಹಾಕಿ. ಮಾಡಿದ ಕೆಲಸ ಆ ಸರ್ಕಾರದ್ದು. ಹುಟ್ಟಿದ ನಾಡು ಗೊತ್ತಿದ್ದರೆ ಪಕ್ಕದಲ್ಲಿ ಸೇರಿಸಿ.

5. ಕಾಗದಪತ್ರದ ವಿಷಯ

ಪಾಸ್‌ಪೋರ್ಟಿನ ಮಟ್ಟಿಗೆ ನಾಲ್ಕು ನಾಡುಗಳಿಗೂ ಒಂದೇ ಪೌರತ್ವ, ಬ್ರಿಟಿಷ್. ಇಂಗ್ಲಿಷ್ ಪಾಸ್‌ಪೋರ್ಟ್, ಸ್ಕಾಟಿಷ್ ಪಾಸ್‌ಪೋರ್ಟ್ ಎಂದು ಇಲ್ಲ. ಯುಕೆ ವೀಸಾ ನಾಲ್ಕೂ ಕಡೆಗೆ ಸಲ್ಲುತ್ತದೆ. ಡಬ್ಲಿನ್‌ಗೆ ಬೇರೆ ನಿಯಮ. ಬೆಲ್‌ಫಾಸ್ಟ್‌ನಿಂದ ಡಬ್ಲಿನ್‌ಗೆ ರೈಲಿದೆ, ಗಡಿಯಲ್ಲಿ ಗೇಟೂ ಕಾಣುವುದಿಲ್ಲ. ಹಾಗೆಂದು ಸುಮ್ನೆ ಹತ್ತಿ ಕೂರಬೇಡಿ ಎಂದು ಮಕ್ಕಳಿಗೆ ಹೇಳಿ. ಭಾರತದ ಪಾಸ್‌ಪೋರ್ಟ್ ಇರುವವರು ಮೊದಲು ಐರ್ಲೆಂಡಿನ ವೀಸಾ ನಿಯಮ ನೋಡಿಕೊಳ್ಳಬೇಕು. ಫೋನ್ ನಂಬರ್ ನೋಡಿದರೂ ಗೊತ್ತಾಗುತ್ತದೆ. ಯುಕೆಯದು 44ರಿಂದ, ಐರ್ಲೆಂಡಿನದು 353ರಿಂದ ಶುರು.

ನರ್ಸಿಂಗ್‌ಗೆ ಹೋಗುವವರಿಗೆ: ಯುಕೆಯ ನೋಂದಣಿ ನಾಲ್ಕೂ ನಾಡುಗಳಿಗೆ ಒಂದೇ, ಎನ್‌ಎಂಸಿ ಎಂಬ ಮಂಡಳಿಯದು. ಐರ್ಲೆಂಡಿಗೆ ಎನ್‌ಎಂಬಿಐ ಎಂಬ ಬೇರೆ ಮಂಡಳಿ. ನೋಂದಣಿ ಒಂದೇ ಆದರೂ ಆಸ್ಪತ್ರೆ ನಡೆಸುವ ವ್ಯವಸ್ಥೆ ನಾಲ್ಕು ಕಡೆಯೂ ಬೇರೆಬೇರೆ. ಉತ್ತರ ಐರ್ಲೆಂಡಿನಲ್ಲಿ ಅದರ ಹೆಸರೂ ಉಳಿದ ಕಡೆಯ ಹಾಗೆ ಎನ್‌ಎಚ್‌ಎಸ್ (ನ್ಯಾಷನಲ್ ಹೆಲ್ತ್ ಸರ್ವಿಸ್) ಅಲ್ಲ, 'ಹೆಲ್ತ್ ಆಂಡ್ ಸೋಷಿಯಲ್ ಕೇರ್'.

ಕಾನೂನಿನ ಲೆಕ್ಕ ಮತ್ತೆ ಬೇರೆ. ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ ಒಂದು, ಸ್ಕಾಟ್ಲೆಂಡ್ ಒಂದು, ಉತ್ತರ ಐರ್ಲೆಂಡ್ ಒಂದು, ಒಟ್ಟು ಮೂರು ನ್ಯಾಯವ್ಯವಸ್ಥೆ. ಅಲ್ಲಿ ಮಗು ಹುಟ್ಟಿದರೆ, ಮದುವೆ ನೋಂದಾಯಿಸಿದರೆ ಸರ್ಟಿಫಿಕೇಟ್ ಕೊಡುವ ಕಚೇರಿಯೂ ಹೀಗೆ ಮೂರು. ಊರಿಂದ ನಕಲು ತರಿಸಬೇಕಾದವರು ಮೊದಲು ಯಾವ ನಾಡು ಎಂದು ಕೇಳಿ ಇಟ್ಟುಕೊಳ್ಳಿ. ಓದಿನಲ್ಲೂ ವ್ಯತ್ಯಾಸ ಇದೆ. ಸ್ಕಾಟ್ಲೆಂಡಿನಲ್ಲಿ ಆನರ್ಸ್ ಪದವಿಗೆ ಸಾಮಾನ್ಯವಾಗಿ ನಾಲ್ಕು ವರ್ಷ, ಉಳಿದ ಕಡೆ ಮೂರು.

ವಿಳಾಸ ಬರೆಯುವಾಗ ನಾಡಿನ ಹೆಸರು ಬರೆದರೂ ಕೊನೆಯಲ್ಲಿ 'ಯುನೈಟೆಡ್ ಕಿಂಗ್‌ಡಮ್' ಇರಲಿ. ಅರ್ಜಿಯ ಪಟ್ಟಿಯಲ್ಲಿ ಇಂಗ್ಲೆಂಡ್ ಹುಡುಕಿ ಸಿಗದಿದ್ದರೆ ಕೆಳಗೆ ಯು ಅಕ್ಷರದ ಹತ್ತಿರ ನೋಡಿ.

6. ಜನರನ್ನು ಅವರು ಹೇಳಿಕೊಂಡ ಹಾಗೆ ಕರೆಯಿರಿ

ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1956ರ ನವೆಂಬರ್ 1ರಿಂದ ನಾವು ಕೇರಳದವರು. ಮಂಗಳೂರು ದಾಟಿದರೆ "ಓ ಮಲಯಾಳಿಯಾ?" ಎನ್ನುತ್ತಾರೆ. ಕಣ್ಣೂರು ದಾಟಿದರೆ "ಕರ್ನಾಟಕದವರಾ?" ಎನ್ನುತ್ತಾರೆ. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಮರಾಠಿಯೋ, ಶಾಲೆಯಲ್ಲಿ ಕನ್ನಡ, ಪಂಚಾಯತಿನಲ್ಲಿ ಮಲಯಾಳ. ಹೀಗಿರುವವರಿಗೆ ಸ್ಕಾಟ್ಲೆಂಡಿನವನೊಬ್ಬ "ನಾನು ಇಂಗ್ಲಿಷನಲ್ಲ" ಎಂದು ಸಿಡುಕಿದರೆ ಕಾರಣ ಗೊತ್ತಾಗುತ್ತದೆ.

ಬಳಸುವ ಪದಗಳು ಇವು: ಇಂಗ್ಲೆಂಡಿನವರು ಇಂಗ್ಲಿಷರು, ಸ್ಕಾಟ್ಲೆಂಡಿನವರು ಸ್ಕಾಟರು, ವೇಲ್ಸ್‌ನವರು ವೆಲ್ಷರು. ಸ್ಕಾಚ್ ಎಂಬುದು ಈಗ ವಿಸ್ಕಿಗೆ ಮೀಸಲು, ಮನುಷ್ಯರಿಗೆ ಬೇಡ. ಉತ್ತರ ಐರ್ಲೆಂಡಿನವರ ವಿಷಯದಲ್ಲಿ ಊಹೆ ಮಾಡಲೇಬೇಡಿ. 1998ರ ಗುಡ್ ಫ್ರೈಡೆ ಒಪ್ಪಂದದ ಪ್ರಕಾರ ಅಲ್ಲಿ ಹುಟ್ಟಿದವರು ತಮ್ಮನ್ನು ಬ್ರಿಟಿಷ್ ಎನ್ನಬಹುದು, ಐರಿಷ್ ಎನ್ನಬಹುದು, ಎರಡೂ ಎನ್ನಬಹುದು. ದಶಕಗಟ್ಟಲೆ ರಕ್ತ ಹರಿದ ಮೇಲೆ ಸಿಕ್ಕ ಹಕ್ಕು ಅದು. ಗೊತ್ತಿಲ್ಲದಿದ್ದರೆ 'ಉತ್ತರ ಐರ್ಲೆಂಡಿನವರು' ಎಂದಷ್ಟೇ ಬರೆಯಿರಿ. ಸ್ಕಾಟ್ಲೆಂಡಿನಲ್ಲೂ ಜಾಗ್ರತೆ ಇರಲಿ. 2014ರ ಜನಮತದಲ್ಲಿ ನೂರಕ್ಕೆ 45 ಮಂದಿ ಯುಕೆಯಿಂದ ಬೇರೆಯಾಗಬೇಕು ಎಂದಿದ್ದರು.

7. ಇದೇ ಅಳತೆಯನ್ನು ಬೇರೆ ದೇಶಗಳಿಗೂ ಹಿಡಿಯಿರಿ

ಹಾಲೆಂಡ್ ಎಂದರೆ ನೆದರ್ಲೆಂಡ್ಸ್ ಅಲ್ಲ. ಅದರ 12 ಪ್ರಾಂತ್ಯಗಳಲ್ಲಿ ಉತ್ತರ ಹಾಲೆಂಡ್, ದಕ್ಷಿಣ ಹಾಲೆಂಡ್ ಎಂಬವು ಎರಡು. 2020ರಿಂದ ಅಲ್ಲಿನ ಸರ್ಕಾರವೇ ಪ್ರಚಾರದಲ್ಲಿ ಆ ಹೆಸರು ಬಿಟ್ಟಿದೆ. ನೆದರ್ಲೆಂಡ್ಸ್ ರಾಜಪ್ರಭುತ್ವದಲ್ಲಿ ನಾಲ್ಕು ದೇಶಗಳಿವೆ: ನೆದರ್ಲೆಂಡ್ಸ್, ಅರುಬಾ, ಕುರಸಾವ್, ಸಿಂಟ್ ಮಾರ್ಟನ್. ಇಲ್ಲಿ 'ದೇಶ' ಎಂದೇ ಬರೆಯಿರಿ, ಅವರ ಕಾನೂನಿನ ಪದವೇ ಅದು. ಡೆನ್ಮಾರ್ಕ್ ಜೊತೆ ಗ್ರೀನ್‌ಲ್ಯಾಂಡ್ ಮತ್ತು ಫೆರೋ ದ್ವೀಪಗಳಿವೆ, ಎರಡಕ್ಕೂ ತಮ್ಮದೇ ಸರ್ಕಾರ ಇದೆ. ಸ್ಪೇನ್‌ನಲ್ಲಿ 17 ಸ್ವಾಯತ್ತ ಸಮುದಾಯಗಳು. ಕ್ಯಾಟಲೋನಿಯಾವನ್ನು ಏನೆಂದು ಕರೆಯಬೇಕು ಎಂಬುದೇ ಅಲ್ಲಿ ರಾಜಕೀಯ, ಹಾಗಾಗಿ ಹೆಸರನ್ನಷ್ಟೇ ಹೇಳಿ ಮುಂದೆ ಹೋಗಿ. ಕೆನಡಾದಲ್ಲಿ 'ಫಸ್ಟ್ ನೇಷನ್ಸ್' ಎಂದರೆ ಪ್ರಾಂತ್ಯಗಳಲ್ಲ, ಆ ನೆಲದ ಮೂಲನಿವಾಸಿ ಜನಾಂಗಗಳು. ಇನುಯಿಟ್ ಮತ್ತು ಮೇಟಿ ಜನ ಅದರಲ್ಲಿ ಸೇರುವುದಿಲ್ಲ.

ಹಳೆಯ ಲೇಖನ ತಿದ್ದುವವರಿಗೆ ಜಾಸ್ತಿ ಸಿಗುವುದು ರಷ್ಯಾ. ಸೋವಿಯತ್ ಒಕ್ಕೂಟದಲ್ಲಿ 15 ಗಣರಾಜ್ಯಗಳಿದ್ದವು, ರಷ್ಯಾ ಅದರಲ್ಲಿ ಒಂದು. 1922ರ ಡಿಸೆಂಬರ್‌ನಿಂದ 1991ರ ಡಿಸೆಂಬರ್‌ವರೆಗಿನ ಘಟನೆಯಾದರೆ 'ಸೋವಿಯತ್ ಒಕ್ಕೂಟ' ಎಂದು ತಿದ್ದಿ. ಸ್ಟಾಲಿನ್‌ನನ್ನು 'ರಷ್ಯಾದವನು' ಎಂದು ಬರೆದದ್ದು ಕಂಡರೆ ಅದನ್ನೂ ತಿದ್ದಿ, ಅವನು ಜಾರ್ಜಿಯಾದವನು.